ಬುದ್ಧಿವಯಸ್ಸು ಎಂಟು

ಕಳೆದ ತಿಂಗಳು ಮಾಟುಂಗಕ್ಕೆ ಹೋಗಿದ್ದೆ. ಅಣ್ಣನ ಮಗ ಈಗ ಅಲ್ಲಿಯೇ ಒಂದು ಬಿಲ್ಡಿಂಗಿನಲ್ಲಿ ಮೂರನೇ ಮಾಳಿಗೆಯಲ್ಲಿದ್ದಾನೆ. ಮೆಟ್ಟಿಲ ಬುಡದಲ್ಲಿ ಇಬ್ಬರು ಕನ್ನಡ ಸಂಘದ ನಾಟಕದ ಪೋಸ್ಟರ್ ಅಂಟಿಸಲೆಂದು ಸ್ಟೋವಿನ ಮೇಲೆ ಮೈದಾ ಕುದಿಸುತ್ತಿದ್ದರು. ಹುಳ ಬೀಳಬಾರದೆಂದು ಅದರಲ್ಲಿ ಮೈಲುತುತ್ತವನ್ನೂ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಕಟಕಟೆ ಹಿಡಿದು ನಿಂತುಬಿಟ್ಟೆ.

"ಆತ್ಯಾ, ಥಕ್ ಗಯೀ ಕ್ಯಾ? ಸ್ವಲ್ಪ ಕೂಡ್ತೀರೇನು?" ಎಂದ ಜೊತೆಗಿದ್ದ ಅಣ್ಣನ ಮಗ.

ದಣಿವಾಗಿರಲಿಲ್ಲ. ಕನ್ನಡ ಪ್ರದೇಶಗಳೆಲ್ಲ ಒಂದು ರಾಜ್ಯವಾಗುವ ಎರಡು ವರ್ಷ ಮೊದಲು, ನಾನು ಶಿಕ್ಷಕಿಯಾಗಲು ಓದುತ್ತಿದ್ದಾಗ, ಇಂಥದೇ ಅಂಟು ಕುದಿಸಿ ಬುದ್ಧಿಪರೀಕ್ಷೆಯ ಚಿತ್ರಗಳನ್ನು ರಟ್ಟಿಗೆ ಅಂಟಿಸಿದ್ದೆ. ಆ ವರ್ಷದ ಬಗ್ಗೆ ನಾನು ಯಾರ ಹತ್ತಿರವೂ ಹೆಚ್ಚು ಮಾತಾಡಿಲ್ಲ. ಹೇಳುವಂಥದ್ದು ಬಹಳ ಇಲ್ಲ ಎಂದುಕೊಂಡಿದ್ದೆ. ಇದೆ.

ನನ್ನ ಗಂಡ ಬಾಗಲಕೋಟೆಯಲ್ಲಿ ಮಾಮಲೇದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಾಮಾಲೆಯಾಗಿ ಹನ್ನೊಂದು ದಿನದಲ್ಲಿ ತೀರಿಕೊಂಡರು. ಆಗ ನನಗೆ ಇಪ್ಪತ್ತಮೂರು, ಮದುವೆಯಾಗಿ ಎರಡು ವರ್ಷ. ನಾನು ಅಳಲಿಲ್ಲ. ಬಿಗಿಹಿಡಿದದ್ದಲ್ಲ, ಅಳು ಬರಲಿಲ್ಲ ಅಷ್ಟೇ. ಮಾತಾಡಿಸಲು ಬಂದ ಹೆಂಗಸರು ನನ್ನ ಮುಖವನ್ನು ನೋಡಿ ನೋಡಿ ಕೊನೆಗೆ ಅತ್ತೆಯ ಕಡೆ ತಿರುಗಿ ಕೂರುತ್ತಿದ್ದರು. ಮೂರನೆಯ ತಿಂಗಳಿಗೆ ಅಣ್ಣ ಬಂದು ಮುಂಬಯಿಗೆ ಕರೆತಂದ. ಧಾರವಾಡದಲ್ಲಿ ಬಿ.ಎ. ಆಗಿದೆಯಲ್ಲ, ಬಿ.ಟಿ. ಮಾಡಿಕೊ, ಶಾಲೆಯಲ್ಲಿ ಕೆಲಸ ಸಿಗುತ್ತದೆ ಎಂದ. ಆಗಲಿ ಎಂದೆ. ಬೇರೆ ಏನು ಹೇಳಿದ್ದರೂ ಆಗಲಿ ಎನ್ನುತ್ತಿದ್ದೆ.

ಅಣ್ಣನದು ಮಾಟುಂಗದ ಒಂದು ಚಾಳಿನಲ್ಲಿ ಎರಡು ಖೋಲಿಯ ಮನೆ. ಅಣ್ಣನ ಹೆಂಡತಿ, ನನ್ನ ವೈನಿ, ಒಳ್ಳೆಯವಳು. ಬೆಳಿಗ್ಗೆ ನೀರಿನ ಸಾಲಿನಲ್ಲಿ ನನ್ನ ಪಕ್ಕದಲ್ಲಿ ನಿಂತು, "ಒಮ್ಮೆ ಅತ್ತು ಬಿಡು ಸುಮಿತ್ರಾ, ಹಗುರಾಗ್ತದ" ಎನ್ನುತ್ತಿದ್ದಳು, ಕೆಮ್ಮಿಗೆ ಕಷಾಯ ಹೇಳುವ ಹಾಗೆ. ನಾನು ಹೂಂ ಎಂದು ಕೊಡ ಮುಂದೆ ಸರಿಸುತ್ತಿದ್ದೆ. ಜೂನ್ ತಿಂಗಳ ಮಳೆ ಸುರಿಯುತ್ತಿತ್ತು. ಒದ್ದೆ ಸೀರೆಯಲ್ಲೇ ಕಿಂಗ್ಸ್ ಸರ್ಕಲ್ಲಿನಿಂದ ಟ್ರಾಮ್ ಹಿಡಿದು ಕಾಲೇಜಿಗೆ ಹೋಗಿ, ಹಾಗೆಯೇ ಕೂತು ಪಾಠ ಕೇಳಿ ಬರುತ್ತಿದ್ದೆ. ಚಳಿ ಹತ್ತಿದೆಯೆಂದು ಪಕ್ಕದವಳು ಹೇಳಿದರೆ ಗೊತ್ತಾಗುತ್ತಿತ್ತು.

ಶಿಕ್ಷಣ ಮನೋವಿಜ್ಞಾನ ಕಲಿಸುತ್ತಿದ್ದವರು ಕರ್ಣಿಕ್ ಸರ್. ಎತ್ತರದ, ತೆಳ್ಳಗಿನ ಮನುಷ್ಯ. ಕರಿಕೋಟಿನ ತೋಳಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಅವಧಾನ, ಅಭ್ಯಾಸ, ಪ್ರೇರಣೆ, ಸ್ಮೃತಿ, ವಿಸ್ಮೃತಿ ಎಂದು ದಿನಕ್ಕೊಂದರಂತೆ ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಶುರುಮಾಡುತ್ತಿದ್ದರು. ನಾನು ಒಂದು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದೆ. ಭಾವನೆಗಳ ಪಾಠದ ದಿನ ಮಾತ್ರ ಪುಸ್ತಕದ ಕೊನೆಯ ಪುಟಗಳನ್ನು ತೆರೆದು ಪದಸೂಚಿಯಲ್ಲಿ ಹುಡುಕಿದೆ. ಭಯ, ಕೋಪ, ಅಸೂಯೆ, ವಾತ್ಸಲ್ಯ, ಎಲ್ಲಕ್ಕೂ ಪುಟಸಂಖ್ಯೆ ಇತ್ತು. ಏನೂ ಆಗದಿರುವುದಕ್ಕೆ ಪುಟ ಇರಲಿಲ್ಲ.

ವಿಸ್ಮೃತಿಯ ಪಾಠಕ್ಕೆ ಒಂದು ಪ್ರಯೋಗ ಇತ್ತು. ಅರ್ಥವಿಲ್ಲದ ಇಪ್ಪತ್ತು ಶಬ್ದ ಬಾಯಿಪಾಠ ಮಾಡಬೇಕು. ಒಂದು ಗಂಟೆಯ ಮೇಲೆ, ಒಂದು ದಿನದ ಮೇಲೆ, ಒಂದು ವಾರದ ಮೇಲೆ ಎಷ್ಟು ಉಳಿಯಿತು ಎಂದು ನೋಡಬೇಕು. ಗಪು, ಠಿಮ, ಝೋಲೆ, ಹೀಗೆ. ವಾರದ ಮೇಲೆ ಎಲ್ಲರಿಗೂ ನಾಲ್ಕೋ ಐದೋ ಉಳಿದಿದ್ದವು. ನಾನು ಹದಿನೆಂಟು ಹೇಳಿದೆ. ಕರ್ಣಿಕ್ ಸರ್ ಕನ್ನಡಕ ಮೇಲೆತ್ತಿ, "ಮಿಸೆಸ್ ಕುಲಕರ್ಣಿ, ವಾಹ್!" ಎಂದರು. ಟ್ರಾಮಿನಲ್ಲಿ ಮರಳುವಾಗ ಗಂಡನ ಧ್ವನಿ ನೆನಪಿಸಿಕೊಳ್ಳಲು ನೋಡಿದೆ. ಅವರು ನನ್ನನ್ನು ಹೇಗೆ ಕರೆಯುತ್ತಿದ್ದರು, ಬಾಗಿಲಲ್ಲಿ ನಿಂತು ಏನೆನ್ನುತ್ತಿದ್ದರು. ಬರಲಿಲ್ಲ. ಠಿಮ, ಝೋಲೆ ಬಂದವು.

ದೀಪಾವಳಿಯ ನಂತರ ನಮ್ಮನ್ನು ಶಾಲೆಗಳಿಗೆ ಹಂಚಿದರು. ಕನ್ನಡದವಳೆಂದು ನನಗೆ ಗ್ರಾಂಟ್ ರೋಡಿನ ಹತ್ತಿರದ ಒಂದು ಕನ್ನಡ ಶಾಲೆ ಬಂತು. ಮಾಟುಂಗ ರೋಡ್ ಸ್ಟೇಷನ್ನಿನಿಂದ ಲೋಕಲ್ಲಿನಲ್ಲಿ ಹೋಗುತ್ತಿದ್ದೆ. ಕೆಳಗೆ ಹಿತ್ತಾಳೆ ಪಾತ್ರೆಯ ಅಂಗಡಿಗಳು, ಮೇಲೆ ಶಾಲೆ. ಪಾಠ ಮಾಡುವಾಗ ಪಾತ್ರೆ ಬಡಿಯುವ ಸದ್ದಿಗೆ ಮಕ್ಕಳು ಕೂಗಿಯೇ ಉತ್ತರ ಹೇಳುತ್ತಿದ್ದವು. ಅಲ್ಲಿ ಪಾಠ ಮಾಡುವುದರ ಜೊತೆಗೆ ಒಂದು ಮಗುವನ್ನು ಆರಿಸಿಕೊಂಡು ಅದರ ಪೂರ್ತಿ ಅಧ್ಯಯನ ಬರೆಯಬೇಕಿತ್ತು: ಮನೆ, ಆರೋಗ್ಯ, ಓದು, ಸ್ನೇಹಿತರು, ಕೊನೆಗೆ ಬುದ್ಧಿಪರೀಕ್ಷೆ.

ಶಾಲೆಯ ಮುಖ್ಯಾಧ್ಯಾಪಿಕೆ, ಹೆಡ್ ಬಾಯಿ, ಬೆಳಗಾವಿ ಕಡೆಯವರು, ಅರವತ್ತು ಮಕ್ಕಳ ವರ್ಗಗಳನ್ನು ಒಬ್ಬರೇ ನಿಭಾಯಿಸಿ ಬೇಸತ್ತ ಹೆಂಗಸು. "ನಾಲ್ಕನೇತ್ತಿ ವಾರಿಜಾನ್ನ ತಗೋರಿ. ಆಕೀ ತಲ್ಯಾಗ ಏನದಂತ ನನಗೂ ತಿಳಿವಲ್ದು" ಎಂದರು.

ನಾಲ್ಕನೇ ತರಗತಿಯ ವಾರಿಜಾಗೆ ಹನ್ನೊಂದು ವರ್ಷ. ಅಪ್ಪ ಉಡುಪಿ ಕಡೆಯವನು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟಿಯ ಮುಂದೆ. ಮನೆಯಲ್ಲಿ ತುಳು. ವಾರಕ್ಕೆರಡು ದಿನ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಕಿಟಕಿಯ ಪಕ್ಕ ಕೂತು, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಸಪೂರ ಕೈ, ಬಿಗಿದು ಕಟ್ಟಿದ ಜಡೆ. ಎದುರಿಗಿದ್ದವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುವ ಅಭ್ಯಾಸ.

ಬುದ್ಧಿಪರೀಕ್ಷೆಯ ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಟ್ಟವರು ಧಾರವಾಡದ ಕಡೆಯ ಯಾರೋ ಹಳೆಯ ವಿದ್ಯಾರ್ಥಿ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ಅದು ನನ್ನದೇ ಕನ್ನಡ. ಮಕ್ಕಳನ್ನು ಪರೀಕ್ಷಿಸುವ ಮೊದಲು ಮನೆಗೆ ಹೋಗಿ ನೋಡಿಬರಬೇಕೆಂದು ಸರ್ ಹೇಳಿದ್ದರು. ನಾನು ಹೋಗಿರಲಿಲ್ಲ. ಹೋಗಬಾರದೆಂದಲ್ಲ, ದಿನಗಳು ಒಂದರ ಹಿಂದೊಂದು ಕಳೆದುಹೋದವು.

ಫೆಬ್ರುವರಿಯ ಒಂದು ಬೆಳಿಗ್ಗೆ, ಶಾಲೆಯ ನಕಾಶೆ ಇಡುವ ಚಿಕ್ಕ ಖೋಲಿಯಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಬಾಗಲಕೋಟೆಯಲ್ಲಿ ಆ ವಾರವೇ ನನ್ನ ಗಂಡನ ವರ್ಷಾಂತಿಕ ಮುಗಿದಿತ್ತು. ನನ್ನನ್ನು ಕರೆದಿರಲಿಲ್ಲ. ಕರೆಯಲಿಲ್ಲ ಎಂದು ವೈನಿ ಸಿಟ್ಟಾದಳು, ನಾನು ಆಗಲಿಲ್ಲ.

ಚಿಕ್ಕ ಮಕ್ಕಳಿಗಿರುವ ಮೊದಲ ಪ್ರಶ್ನೆಗಳಿಗೆಲ್ಲ ಸರಿಯಾಗಿ ಹೇಳಿದಳು. "ಚಕ್ಕಡಿಗೂ ಟಾಂಗಾಕ್ಕೂ ಏನು ಹೋಲಿಕೆ?" ಎಂದು ಓದಿದೆ.

"ಚಕ್ಕಡಿ ಅಂದ್ರೆ?"

ಅರ್ಥ ಹೇಳಬಾರದೆಂದು ಕೈಪಿಡಿಯಲ್ಲಿತ್ತು. ಎತ್ತಿನ ಗಾಡಿ ಎಂದಿದ್ದರೆ ಸಾಕಿತ್ತು. ಸುಮ್ಮನೆ ಅದೇ ಪ್ರಶ್ನೆ ಇನ್ನೊಮ್ಮೆ ಓದಿದೆ. ಸೊನ್ನೆ ಹಾಕಿದೆ.

"ಶಾಲೆಗೆ ಹೊರಟಾಗ ಜೋರು ಮಳೆ ಬಂದರೆ ಏನು ಮಾಡಬೇಕು?"

"ಬರೋದು."

ಕೊಡೆ ಹಿಡಿಯಬೇಕು, ಇಲ್ಲವೇ ನಿಲ್ಲುವ ತನಕ ಕಾಯಬೇಕು ಎಂಬುದು ಸರಿ ಉತ್ತರ. ಸೊನ್ನೆ.

"ಹಗೇವಿನಲ್ಲಿ ಏನು ಇಡುತ್ತಾರೆ?"

ಜೋಳ ತುಂಬಿಡಲು ನೆಲದಲ್ಲಿ ತೋಡುವ ಹಗೇವನ್ನು ಗ್ರಾಂಟ್ ರೋಡಿನ ಚಾಳಿನಲ್ಲಿ ಬೆಳೆದ ಹುಡುಗಿ ಎಲ್ಲಿ ಕಂಡಿರಬೇಕು? ಆ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ. ಅವಳು ಉತ್ತರ ಹೇಳದೆ ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ "ಗೊತ್ತಿಲ್ಲ" ಎಂದಳು. ಮುಂದಿನದಕ್ಕೂ ಗೊತ್ತಿಲ್ಲ. ಅದರ ಮುಂದಿನದಕ್ಕೆ ನಾನು ಓದಿ ಮುಗಿಸುವ ಮೊದಲೇ ಗೊತ್ತಿಲ್ಲ. ಸಾಲಾಗಿ ಐದು ತಪ್ಪಿದರೆ ನಿಲ್ಲಿಸಬೇಕೆಂದು ನಿಯಮ. ನಿಲ್ಲಿಸಿದೆ. ಚಿತ್ರದ ರಟ್ಟುಗಳನ್ನು ತೆಗೆಯಲೇ ಇಲ್ಲ. ಕೂಡಿಸಿ, ಕೋಷ್ಟಕ ನೋಡಿ, ಫಾರ್ಮಿನಲ್ಲಿ ಬರೆದೆ: ಬುದ್ಧಿವಯಸ್ಸು ಎಂಟು. ಕೆಳಗೆ ಸಹಿ ಮಾಡಿದೆ. ಒಂದು ಪ್ರತಿ ಕಾಲೇಜಿಗೆ, ಒಂದು ಪ್ರತಿ ಹೆಡ್ ಬಾಯಿಗೆ.

ಮನೆಯ ಭೇಟಿ ಇನ್ನೂ ಬಾಕಿ ಇತ್ತು. ವರದಿಯಲ್ಲಿ ಅದಕ್ಕೊಂದು ಪುಟ ಖಾಲಿ ಉಳಿದಿತ್ತೆಂದು ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಹೋದೆ. ಮೂರನೇ ಮಾಳಿಗೆ, ಉದ್ದದ ಗ್ಯಾಲರಿ, ಸಾಲು ಸಾಲು ಬಾಗಿಲು. ವಾರಿಜಾಳ ತಾಯಿ ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದಳು. ವಾರಿಜಾ ಹೊರಗೆ ನೆಲದ ಮೇಲೆ ಮಣೆ ಇಟ್ಟುಕೊಂಡು ಕೂತಿದ್ದಳು. ಅವಳ ಮುಂದೆ ನಾಲ್ಕು ಹೆಂಗಸರು.

ಒಬ್ಬ ಮುದುಕಿ ತುಳುವಿನಲ್ಲಿ ಹೇಳುತ್ತಿದ್ದಳು, ಹುಡುಗಿ ಅಂಚೆ ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದಳು. ತುಳು ತಿಳಿಯದಿದ್ದರೂ ಬೈಗುಳ ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಮುದುಕಿ ಒಂದೇ ಉಸಿರಿಗೆ ಮಗನನ್ನು ಬೈದದ್ದನ್ನು ಹುಡುಗಿ, "ನೀನು ಬಾರದೆ ನನಗೆ ಬೇಸರವಾಗಿದೆ" ಎಂದು ಇಳಿಸಿ, "ಇಷ್ಟು ಸಾಕು ಅಜ್ಜಿ, ಜಾಗ ಇಲ್ಲ" ಎಂದಳು. ಅಷ್ಟರಲ್ಲಿ ಪಕ್ಕದ ಖೋಲಿಯ ಮರಾಠಿ ಬಾಯಿ ಯಾವುದೋ ನೋಟೀಸು ತಂದಳು. ಅದನ್ನು ಓದಿ, ನಳ ರಿಪೇರಿಗೆ ಸೋಮವಾರ ನೀರು ಬಂದ್ ಎಂದು ಅವಳಿಗೆ ಮರಾಠಿಯಲ್ಲಿ, ಉಳಿದವರಿಗೆ ತುಳುವಿನಲ್ಲಿ, ಮೆಟ್ಟಿಲಿಳಿಯುತ್ತಿದ್ದ ಭಯ್ಯಾನಿಗೆ ಹಿಂದಿಯಲ್ಲಿ ಕೂಗಿ ಹೇಳಿದಳು. ನಂತರ ಮತ್ತೆ ಕಾರ್ಡು. ವಾರಕ್ಕೆರಡು ದಿನ ಶಾಲೆ ತಪ್ಪುತ್ತಿದ್ದದ್ದು ಇದಕ್ಕೆ.

ನನ್ನನ್ನು ಕಂಡು ಎದ್ದಳು. ಒಳಗಿನಿಂದ ನೀರು ತಂದುಕೊಟ್ಟು, "ಬಾಯಿ, ಈಗ ಹುಷಾರಾ?" ಎಂದು ಕೇಳಿದಳು. ಮರ್ಯಾದೆಗೆ ಕೇಳಿದ್ದೆಂದುಕೊಂಡು, ಆರಾಮ ಎಂದೆ.

ಕೆಳಗಿಳಿದು ಬರುವಾಗ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನಾನು ಬರೆದದ್ದು ಸುಳ್ಳು. ಈ ಹುಡುಗಿಗೆ ಎಂಟು ವರ್ಷದ ಬುದ್ಧಿಯಲ್ಲ. ನನ್ನ ಜೊತೆ ಓದುವ ಪದವೀಧರರಲ್ಲಿ ಎಷ್ಟೋ ಜನಕ್ಕೆ ಅವಳ ಚುರುಕಿಲ್ಲ. ಮರುದಿನ ಹೆಡ್ ಬಾಯಿಗೆ ಹೇಳಬೇಕು ಎಂದುಕೊಂಡೆ.

ಹೇಳಲಿಲ್ಲ. ಇದನ್ನು ಹೇಗೆ ವಿವರಿಸಬೇಕೋ ಇಂದಿಗೂ ತಿಳಿಯದು. ಹೆದರಿಕೆಯಾಗಿದ್ದರೆ ಹೆದರಿಕೆ ಎಂದು ಬರೆಯುತ್ತಿದ್ದೆ. ಬೆಳಿಗ್ಗೆ ಏಳುತ್ತಿದ್ದೆ, ನೀರು ತುಂಬುತ್ತಿದ್ದೆ, ಲೋಕಲ್ ಹಿಡಿಯುತ್ತಿದ್ದೆ, ಪಾಠ ಮಾಡುತ್ತಿದ್ದೆ. ಜೋಮು ಹಿಡಿದ ಕಾಲಿಗೆ ಎದ್ದು ನಿಲ್ಲಬೇಕೆಂದು ಗೊತ್ತಿದ್ದರೂ ನಿಲ್ಲಲಾಗುವುದಿಲ್ಲವಲ್ಲ, ನನ್ನ ಮನಸ್ಸು ಹಾಗಿತ್ತು. ಆ ದಿನಗಳಲ್ಲೇ ಕರ್ಣಿಕ್ ಸರ್ ಪ್ರೇರಣೆಯ ಪಾಠ ಪುನರಾವರ್ತನೆ ಮಾಡಿದರು. ಅರಿವು ಬೇರೆ, ಕ್ರಿಯೆಗೆ ತಳ್ಳುವ ಶಕ್ತಿ ಬೇರೆ ಎಂದರು. ಬರೆದುಕೊಂಡೆ. ಹೀಗೆ ಹತ್ತೊಂಬತ್ತು ದಿನ ಹೋದವು.

ಇಪ್ಪತ್ತನೆಯ ದಿನ ಕಿಟಕಿಯ ಪಕ್ಕದ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು.

"ವಾರಿಜಾ ಎಲ್ಲಿ?" ಎಂದು ಹೆಡ್ ಬಾಯಿಯನ್ನು ಕೇಳಿದೆ.

"ಊರಿಗೆ ಕಳಿಸ್ಯಾನ ಅವರಪ್ಪ, ಅಜ್ಜಿ ಮನಿಗೆ. ಐದನೇತ್ತಿಗೆ ಜಾಗಾ ಕಡಿಮಿ ಅವ, ಈಕೀಗೆ ಆಗಂಗಿಲ್ಲ, ಮತ್ತ ನಾಲ್ಕರಾಗ ಕೂಡ್ಸೂದು ದಂಡ ಅಂತ ಕರಸಿ ಹೇಳ್ದೆ. ನಿಮ್ಮ ಫಾರ್ಮ್ ತೋರಿಸಿದೆ."

"ಆ ಫಾರ್ಮ್ ತಪ್ಪದರಿ" ಎಂದೆ.

ಅವರು ಡ್ರಾವರಿನಿಂದ ತೆಗೆದು ನನ್ನ ಮುಂದೆ ಇಟ್ಟರು. "ಸಹಿ ನಿಮ್ಮದ ಅಲ್ರೀ?"

ಹೌದು ಎಂದೆ. ಅವರು ಕೆಟ್ಟವರಲ್ಲ. ಅರವತ್ತು ಮಕ್ಕಳಲ್ಲಿ ಯಾರನ್ನು ಬಿಡಬೇಕೆಂದು ತಿಳಿಯದೆ ಕೂತವರ ಕೈಗೆ ನಾನೊಂದು ಕಾಗದ ಕೊಟ್ಟಿದ್ದೆ.

ಅಲ್ಲಿಂದ ನೇರ ಕಾಲೇಜಿಗೆ ಹೋದೆ. ಕರ್ಣಿಕ್ ಸರ್ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಮನೆಗೆ ಹೋಗದೆ ಪರೀಕ್ಷೆ ಮಾಡಿದ್ದು, ಅವಳ ಭಾಷೆ ನೋಡದಿದ್ದದ್ದು, ಚಿತ್ರಗಳನ್ನು ತೋರಿಸದೆ ಬಿಟ್ಟದ್ದು, ಎಲ್ಲ ಹೇಳಿದೆ. ಅವರು ಕೇಳಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಹುಡುಗಿ ಹೋಗಿಯಾಯಿತು. ವರದಿಯ ಕೆಳಗೆ ಒಂದು ಟಿಪ್ಪಣಿ ಹಾಕಿಬಿಡಿ. ಪರೀಕ್ಷೆಯೇ ಅಮಾನ್ಯವೆಂದು ಬರೆದುಕೊಟ್ಟರೆ ನಿಮ್ಮ ಪ್ರಾಯೋಗಿಕವೂ ಅಮಾನ್ಯವಾಗುತ್ತದೆ. ಇನ್ನೊಂದು ವರ್ಷ ಕೂರಬೇಕು. ನಿಮ್ಮ ಪರಿಸ್ಥಿತಿ ನನಗೆ ಗೊತ್ತು."

"ಬರೆದುಕೊಡುತ್ತೇನೆ" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, ಡ್ರಾವರಿನಿಂದ ಬಿಳಿ ಹಾಳೆ ತೆಗೆದುಕೊಟ್ಟರು. ಬರೆಯುವಾಗ ಧೈರ್ಯವೂ ಅನ್ನಿಸಲಿಲ್ಲ, ದುಃಖವೂ ಆಗಲಿಲ್ಲ. ಹಾಳೆ ತುಂಬಿತು, ಕೊಟ್ಟೆ. ಅದರ ಒಂದು ಪ್ರತಿಯನ್ನು ಹೆಡ್ ಬಾಯಿಗೆ ಕೊಟ್ಟಾಗ, ಅವರು ಎರಡು ಸಲ ಓದಿ, "ಇಷ್ಟು ಬರಕೊಡೋರನ್ನ ನಾ ನೋಡಿಲ್ಲ" ಎಂದು ಫಾರ್ಮಿನ ಜೊತೆ ಗುಂಡುಪಿನ್ ಚುಚ್ಚಿ ಇಟ್ಟರು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ವರ್ಷ ನಾನು ನಪಾಸಾದೆ. ವಿಷಯ ತಿಳಿದು ಅಣ್ಣ ನಾಲ್ಕು ದಿನ ಮಾತು ಬಿಟ್ಟ. ಮರುವರ್ಷ ಮತ್ತೆ ಕೂತು ಪಾಸಾಗಿ, ಇಪ್ಪತ್ತೊಂಬತ್ತು ವರ್ಷ ಮುಂಬಯಿಯ ಶಾಲೆಗಳಲ್ಲಿ ಕಲಿಸಿದೆ. ಯಾವ ಮಗುವಿನ ಬುದ್ಧಿಗೂ ಮತ್ತೆ ಅಂಕಿ ಬರೆಯಲಿಲ್ಲ. ವಾರಿಜಾಳನ್ನು ಜೂನ್ ತಿಂಗಳಲ್ಲಿ ಅಜ್ಜಿಯ ಊರಿನ ಶಾಲೆಗೆ ಸೇರಿಸಿದರು. ಮುಂಬಯಿ ಶಾಲೆಯ ದಾಖಲೆ ಅಲ್ಲಿ ನಡೆಯಲಿಲ್ಲವಂತೆ, ಮತ್ತೆ ನಾಲ್ಕನೆಯದಕ್ಕೇ ಕೂರಿಸಿದರು. ಎಂಟನೆಯದರ ತನಕ ಓದಿದಳೆಂದು ಅವಳ ಅಪ್ಪನಿಂದ ತಿಳಿಯಿತು. ಆಮೇಲೆ ಅವನ ಹೋಟೆಲ್ ಮುಚ್ಚಿತು, ಸುದ್ದಿ ನಿಂತಿತು. ಅವಳನ್ನು ನಾನು ಮತ್ತೆ ನೋಡಲಿಲ್ಲ. ಒಂದು ವರ್ಷ ಅವಳಿಂದ ಕಸಿದದ್ದು ನಾನು, ಅದನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ.

ಆದರೆ ಆ ಅಪ್ಪನನ್ನು, ಶೀನಣ್ಣನನ್ನು, ಮೊದಲು ನೋಡಲು ಹೋದ ದಿನದ ಬಗ್ಗೆ ಹೇಳಬೇಕು.

ಏಪ್ರಿಲ್ ತಿಂಗಳು. ಮಧ್ಯಾಹ್ನ ಮೂರು ಗಂಟೆ, ಊಟದ ಗಿರಾಕಿಗಳು ಹೋಗಿ ತಿಂಡಿಯವರು ಇನ್ನೂ ಬಾರದ ಹೊತ್ತು. ಹೋಟೆಲಿನ ಹಣದ ಗಲ್ಲೆಯ ಮೇಲಿದ್ದವರು ಒಳಗೆ ಕೂಗಿದರು. ಶೀನಣ್ಣ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತ ಬಂದ. ದಪ್ಪ ಮೀಸೆ, ಮೊಣಕೈವರೆಗೆ ಎಣ್ಣೆ ಸಿಡಿದ ಕಲೆಗಳು. ನಾನು ಯಾರೆಂದು ಹೇಳಿದೆ.

"ಬನ್ನಿ ಬಾಯಿ, ಕೂತ್ಕೊಳ್ಳಿ" ಎಂದು ಮೂಲೆಯ ಮೇಜು ತೋರಿಸಿದ. ತಾನು ನಿಂತೇ ಇದ್ದ.

"ನಿಮ್ಮ ಮಗಳು ದಡ್ಡಿ ಅಲ್ಲ" ಎಂದೆ. "ಪರೀಕ್ಷೆ ಮಾಡಿದ್ದು ನಾನು. ತಪ್ಪು ಮಾಡಿದ್ದೂ ನಾನೇ. ಹಾಗೆಂದು ಬರೆದುಕೊಟ್ಟಿದ್ದೇನೆ."

ಅವನು ಎದುರಿನ ಕುರ್ಚಿಯಲ್ಲಿ ಕೂತ. "ನನಗೆ ಗೊತ್ತುಂಟು ದಡ್ಡಿ ಅಲ್ಲ ಅಂತ. ಹೆಡ್ ಬಾಯಿ ಕಾಗದ ತೋರಿಸಿದ್ರು, ಸಹಿ ಉಂಟು ಅಂದ್ರು. ಕಲಿತವರು ಬರೆದದ್ದು, ನಾನು ಏನು ಹೇಳ್ಲಿಕ್ಕೆ ಆಗ್ತದೆ? ಮನೆಗೆ ಬಂದು ಅವಳನ್ನು ಬೈದೆ. ಯಾಕೆ ಹೀಗೆ ಮಾಡಿದ್ದು ಅಂತ. ಅವಳು ಎಂತ ಹೇಳಿದ್ಲು ಗೊತ್ತುಂಟಾ?"

"ಏನು?"

"ಆ ಬಾಯಿಗೆ ಮೈಗೆ ಸರಿ ಇರಲಿಲ್ಲ ಅಪ್ಪ. ಪ್ರಶ್ನೆ ಓದ್ತಾ ಇದ್ರು, ಕಣ್ಣು ಎಲ್ಲಿಯೋ ಇತ್ತು. ಬೇಗ ಮುಗಿದ್ರೆ ಹೋಗಿ ಮಲಗ್ತಾರೆ ಅಂತ ಗೊತ್ತಿಲ್ಲ, ಗೊತ್ತಿಲ್ಲ ಅಂದೆ. ಹಾಗೆ ಹೇಳಿದ್ಲು."

ಮೇಜಿನ ಕಲ್ಲು ತಣ್ಣಗಿತ್ತು. ಎರಡು ಅಂಗೈ ಅದರ ಮೇಲೆ ಊರಿ ಕೂತೆ. ಅವಳ ಬುದ್ಧಿಯನ್ನು ಅಳೆಯಲು ನಾನು ಹೋಗಿದ್ದಾಗ, ನನಗೇನಾಗಿದೆ ಎಂದು ನೋಡಿದವಳು ಅವಳು. ಒಂದು ವರ್ಷದಲ್ಲಿ ಯಾರಿಗೂ, ನನಗೂ ಹೆಸರಿಡಲಾಗದ್ದನ್ನು ಮೈಗೆ ಸರಿ ಇಲ್ಲ ಎಂದು ಗುರುತಿಸಿದ್ದಳು. ನನ್ನ ಕಿವಿ ಬಿಸಿಯಾದದ್ದು, ಮುಖ ಸುಟ್ಟ ಹಾಗೆ ಆದದ್ದು ತಿಳಿಯಿತು. ನಾಚಿಕೆ. ಎಷ್ಟೋ ತಿಂಗಳ ನಂತರ ನನಗೆ ಆದದ್ದು ಅದು.

"ವಾಪಸು ಕರೆಸಿ ಶೀನಣ್ಣ. ನಾನು ಹೆಡ್ ಬಾಯಿಯ ಹತ್ತಿರ ಮಾತಾಡುತ್ತೇನೆ" ಎಂದೆ.

ಅವನು ತಲೆಯಾಡಿಸಿದ. "ಬೇಡ ಬಾಯಿ. ನೀವು ಒಳ್ಳೆಯವರು. ಮುಂದಿನ ವರ್ಷ ಇನ್ನೊಬ್ರು ಬರ್ತಾರೆ, ಇನ್ನೊಂದು ಕಾಗದ ತರ್ತಾರೆ. ಅಲ್ಲಿಯೇ ಶಾಲೆ ಉಂಟು, ಅಲ್ಲಿಯೇ ಹಾಕುವ." ಆಮೇಲೆ ಸ್ವಲ್ಪ ಸಂಕೋಚದಿಂದ, "ಹಾಕಿ ಅಂತ ಅಮ್ಮನಿಗೆ ತಿಳಿಸ್ಬೇಕು. ನನಗೆ ಬರೆಯಲಿಕ್ಕೆ ಬರುವುದಿಲ್ಲ. ಬರೆಯುವವಳನ್ನೇ ಕಳಿಸಿದೆ ಅಲ್ಲ" ಎಂದ.

ಗಲ್ಲೆಯಿಂದ ಒಂದು ಕಾರ್ಡು ತಂದ. ತುಳುವಿನಲ್ಲಿ ಶುರುಮಾಡಿ, ನನಗೆ ತಿಳಿಯದೆಂದು ನೆನಪಾಗಿ, ಒಂದೊಂದೇ ಮಾತನ್ನು ಕನ್ನಡಕ್ಕೆ ಎಳೆದು ತಂದು ಹೇಳಿದ. ನಾನು ಬರೆದೆ. ಎಲ್ಲರೂ ಕ್ಷೇಮ. ಜೂನಿಗೆ ವಾರಿಜಾಳನ್ನು ಶಾಲೆಗೆ ಹಾಕಬೇಕು. ಮನೆಗೆಲಸಕ್ಕೆಂದು ನಿಲ್ಲಿಸಬಾರದು. ಅವಳು ದಡ್ಡಿಯಲ್ಲವೆಂದು ಟೀಚರ್ ಬಾಯಿಯೇ ಹೋಟೆಲಿಗೆ ಬಂದು ಹೇಳಿದ್ದಾರೆ.

ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು.

"ನೀವೂ ಅವಳಿಗೆ ಒಂದು ಮಾತು ಬರೀರಿ. ಖುಷಿ ಆಗ್ತದೆ."

ಏನು ಬರೆಯಬೇಕೆಂದು ಯೋಚಿಸಲಿಲ್ಲ. ಕೈ ಬರೆಯಿತು. ಬರೆದು ಕಾರ್ಡನ್ನು ಅವನ ಕಡೆ ಸರಿಸಿದೆ. ಅವನು ಅಕ್ಷರಗಳ ಮೇಲೆ ಕಣ್ಣಾಡಿಸಿ ಮರಳಿ ನನ್ನ ಕಡೆಗೇ ಸರಿಸಿದ. "ಓದಿ ಬಾಯಿ. ಎಲ್ಲ ಸರಿ ಉಂಟಾ ಕೇಳುವ."

ಓದಿದೆ. ಕ್ಷೇಮ, ಜೂನ್, ಶಾಲೆ, ಮನೆಗೆಲಸ. ಅಲ್ಲಿಗೆ ನಿಲ್ಲಿಸಿದೆ.

"ಅದು ನಾನು ಹೇಳಿದ್ದು. ಕೆಳಗಿನದ್ದು?"

"ವಾರಿಜಾ," ಎಂದು ಓದಿದೆ, "ನೀನು ಸರಿಯಾಗಿ ನೋಡಿದ್ದೆ. ಆ ದಿನ ನನಗೆ ಹುಷಾರಿರಲಿಲ್ಲ. ನನ್ನ ಗಂಡ..."

ಅಲ್ಲಿಗೆ ಓದು ನಿಂತಿತು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಬೇರೆಯವರು ಹೇಳಿದ್ದರು. ಇನ್ನೊಮ್ಮೆ ಅಲ್ಲಿಂದಲೇ ಶುರುಮಾಡಿದೆ, ಇನ್ನೊಮ್ಮೆ ಅಲ್ಲಿಯೇ ನಿಂತಿತು. ಒಳಗಿನಿಂದ ಯಾರೋ ಶೀನಣ್ಣನನ್ನು ಕೂಗಿದರು. ಅವನು ಅತ್ತ ತಿರುಗಲಿಲ್ಲ. ಮೇಜಿನ ಮೇಲೆ ಕೈಕಟ್ಟಿ, ಕಾರ್ಡನ್ನು ನೋಡುತ್ತ, ನಾನು ಓದುವುದನ್ನೇ ಕಾದು ಕೂತ.

"ನನ್ನ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು" ಎಂದು ಓದಿ ಮುಗಿಸಿದೆ.